6 ಅಡಿ 3 ಇಂಚಿನ ಅಡುಗೆಮನೆಯಲ್ಲಿ ಎಷ್ಟು ಜನ ನಿಲ್ಲಬಹುದು?

ಒಂದು ಟೇಪ್ ತಗೊಂಡು ನಿಮ್ಮ ಅಡುಗೆಮನೆಯ ಅಗಲ ಅಳೆದು ನೋಡಿ. ಗೋಡೆಯಿಂದ ಗೋಡೆಗೆ. ಅಪಾರ್ಟ್‌ಮೆಂಟಿನಲ್ಲಿ ಇರೋರಾದರೆ ಆರೂವರೆ ಅಡಿ, ಏಳಡಿ ಬರಬಹುದು. ಬಾಡಿಗೆಯ ಒನ್ ಬಿಎಚ್‌ಕೆ ಆದರೆ ಐದಡಿಗೇ ಟೇಪು ಗೋಡೆಗೆ ಬಡಿಯಬಹುದು. ಅಷ್ಟರೊಳಗೇ ಗ್ಯಾಸ್ ಸ್ಟೌ, ಸಿಂಕ್, ಫ್ರಿಜ್, ಮಿಕ್ಸಿ, ಕುಕ್ಕರ್, ವಾಟರ್ ಫಿಲ್ಟರ್, ಅಕ್ಕಿ ಡಬ್ಬ, ಮೂಲೆಯಲ್ಲಿ ಸಿಲಿಂಡರ್. ಇಷ್ಟೆಲ್ಲ ಇಟ್ಟ ಮೇಲೆ ಉಳಿದ ಜಾಗದಲ್ಲಿ ಒಬ್ಬ ಮನುಷ್ಯ. ನಮ್ಮ ಬಹುತೇಕ ಮನೆಗಳಲ್ಲಿ, ಒಬ್ಬ ಹೆಂಗಸು.

ಚಿಕ್ಕ ಅಡುಗೆಮನೆಯಲ್ಲಿ ಜಾಗ ಉಳಿಸೋದು ಹೇಗೆ ಅಂತ ಹೇಳಿಕೊಡುವ ವಿಡಿಯೋಗಳಿಗೆ ಈಗ ಬರವಿಲ್ಲ. ಮೂಲೆಯಲ್ಲಿ ತಿರುಗುವ ತಟ್ಟೆ ಹಾಕಿ, ಬಾಗಿಲ ಹಿಂದೆ ಕೊಕ್ಕೆ ಹೊಡೆಯಿರಿ, ಸಿಂಕ್ ಕೆಳಗೆ ರ‍್ಯಾಕ್ ಇಡಿ. ಎಲ್ಲವೂ ಒಳ್ಳೆಯ ಸಲಹೆಗಳೇ. ಆದರೆ ಈ ಪ್ರಶ್ನೆಗೆ ಒಂದು ಇತಿಹಾಸ ಇದೆ. ಅದರಲ್ಲಿ ಯುದ್ಧ ಇದೆ, ರೈಲು ಇದೆ, ಜೈಲು ಇದೆ, ಕೂದಲೆಳೆಯಲ್ಲಿ ಸಾವಿನಿಂದ ಪಾರಾದ ಒಬ್ಬ ಹೆಣ್ಣುಮಗಳಿದ್ದಾಳೆ. ಇವತ್ತು ನಾವು ಲಕ್ಷಗಟ್ಟಲೆ ಸುರಿದು ಮಾಡ್ಯುಲರ್ ಕಿಚನ್ ಅಂತ ಮಾಡಿಸಿಕೊಳ್ತೀವಲ್ಲ, ಅದರ ಅಜ್ಜಿ ಹುಟ್ಟಿದ್ದು 1926ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ. ಅದರ ಅಗಲ 1.9 ಮೀಟರ್, ಅಂದರೆ 6 ಅಡಿ 3 ಇಂಚು. ಉದ್ದ 3.4 ಮೀಟರ್, ಅಂದರೆ 11 ಅಡಿ 2 ಇಂಚು. ಒಟ್ಟು 70 ಚದರಡಿ.

ಈ 70 ಚದರಡಿಯ ಕಥೆ ಗೊತ್ತಾದರೆ ನಿಮ್ಮ ಅಡುಗೆಮನೆಯನ್ನು ನೀವು ನೋಡುವ ರೀತಿ ಬದಲಾಗುತ್ತೆ.

ಒಂದೇ ಕೋಣೆಯಲ್ಲಿ ಎಲ್ಲವೂ

ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತಿತು. 1923ರ ಹೊತ್ತಿಗೆ ಅಲ್ಲಿನ ಹಣಕ್ಕೆ ಕಾಗದದ ಬೆಲೆಯೂ ಉಳಿದಿರಲಿಲ್ಲ. ನಗರಗಳಲ್ಲಿ ಮನೆಗಳಿಗೆ ಭಯಂಕರ ಕೊರತೆ. ಕಾರ್ಮಿಕರ ಕುಟುಂಬಗಳು ಒಂದು, ಹೆಚ್ಚೆಂದರೆ ಎರಡು ಕೋಣೆಗಳಲ್ಲಿ ಬದುಕುತ್ತಿದ್ದವು. ಅಡುಗೆಮನೆ ಅಂತ ಬೇರೆ ಇರಲಿಲ್ಲ. ಒಲೆ ಇದ್ದ ಕೋಣೆಯೇ ಬೆಚ್ಚಗಿನ ಕೋಣೆ. ಅಲ್ಲೇ ಅಡುಗೆ, ಅಲ್ಲೇ ಊಟ, ಅಲ್ಲೇ ಸ್ನಾನ, ಅಲ್ಲೇ ಬಟ್ಟೆ ಒಗೆದು ಒಣಗಿಸೋದು, ರಾತ್ರಿ ಅಲ್ಲೇ ಮಕ್ಕಳ ಹಾಸಿಗೆ. ಕಾಯಿಲೆ ಬಿದ್ದವರು ಮಲಗೋದೂ ಅಲ್ಲೇ. ಕ್ಷಯ ಹರಡುತ್ತಿದ್ದ ಕಾಲ ಅದು.

1924ರಲ್ಲಿ ಜರ್ಮನ್ ಸರ್ಕಾರ ಹಳೆಯ ಕಟ್ಟಡಗಳ ಮೇಲೆ ಒಂದು ತೆರಿಗೆ ಹಾಕಿತು. ಆ ದುಡ್ಡಿನ ಒಂದು ಭಾಗ ಹೊಸ ಮನೆಗಳಿಗೆ ಹೋಯಿತು. 1925ರಲ್ಲಿ ಎರ್ನ್ಸ್ಟ್ ಮೇ ಎಂಬ ವಾಸ್ತುಶಿಲ್ಪಿಯ ಕೈಗೆ ಫ್ರಾಂಕ್‌ಫರ್ಟ್ ನಗರ ತನ್ನ ಇಡೀ ನಿರ್ಮಾಣದ ಕೆಲಸ ಒಪ್ಪಿಸಿತು. ಮೇ ಮುಂದಿದ್ದ ಸವಾಲು ನಮ್ಮ ಹೌಸಿಂಗ್ ಬೋರ್ಡ್ ಇಂಜಿನಿಯರುಗಳಿಗೆ ಚೆನ್ನಾಗಿ ಗೊತ್ತಿರುವಂಥದ್ದೇ: ಸಾವಿರಾರು ಮನೆ ಬೇಕು, ಬೇಗ ಬೇಕು, ಬಾಡಿಗೆ ಕಾರ್ಮಿಕನ ಸಂಬಳಕ್ಕೆ ಎಟುಕಬೇಕು. ಹಾಗಾದರೆ ಮನೆ ಚಿಕ್ಕದಾಗಲೇಬೇಕು. ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ನಡೆಯುವ ಜಾಗವನ್ನು ಎಷ್ಟು ಚಿಕ್ಕದು ಮಾಡಬಹುದು?

ಆ ಲೆಕ್ಕ ಬಿಡಿಸಲು ಮೇ ಕರೆಸಿದ್ದು ವಿಯೆನ್ನಾದ ಒಬ್ಬ ಯುವತಿಯನ್ನು. ಹೆಸರು ಮಾರ್ಗರೆಟೆ ಲಿಹೋಟ್ಸ್ಕಿ. ಆಗ ವಯಸ್ಸು 29. ಆಸ್ಟ್ರಿಯಾದಲ್ಲಿ ವಾಸ್ತುಶಿಲ್ಪ ಕಲಿತ ಮೊದಲ ಕೆಲವೇ ಮಹಿಳೆಯರಲ್ಲಿ ಒಬ್ಬಳು. ಆ ಹೊತ್ತಿಗಾಗಲೇ ವಿಯೆನ್ನಾದಲ್ಲಿ ಬಡವರ ಮನೆಗಳ ಯೋಜನೆಗಳಲ್ಲಿ ಕೆಲಸ ಮಾಡಿದ್ದಳು.

ಹಡಗು, ಕಾರ್ಖಾನೆ, ರೈಲು

ಲಿಹೋಟ್ಸ್ಕಿ ಎಲ್ಲವನ್ನೂ ಶೂನ್ಯದಿಂದ ಶುರು ಮಾಡಲಿಲ್ಲ. ಅವಳ ಮುಂದೆ ಮೂರು ಪಾಠಗಳಿದ್ದವು.

ಮೊದಲನೆಯದು ಹಡಗಿನ ಪಾಠ. 1869ರಲ್ಲೇ ಅಮೆರಿಕದ ಕ್ಯಾಥರಿನ್ ಬೀಚರ್ ಮತ್ತು ಆಕೆಯ ತಂಗಿ ಹ್ಯಾರಿಯೆಟ್ ಬೀಚರ್ ಸ್ಟೋವ್ ಸೇರಿ ಮನೆವಾರ್ತೆಯ ಬಗ್ಗೆ ಒಂದು ಪುಸ್ತಕ ಬರೆದರು. ಹ್ಯಾರಿಯೆಟ್ ಅಂದರೆ 'ಅಂಕಲ್ ಟಾಮ್ಸ್ ಕ್ಯಾಬಿನ್' ಬರೆದ ಲೇಖಕಿಯೇ. ಮನೆವಾರ್ತೆಯ ಪುಸ್ತಕದಲ್ಲಿ ಅಕ್ಕತಂಗಿಯರು ಒಂದು ಸರಳ ಮಾತು ಹೇಳಿದರು. ಸ್ಟೀಮ್ ಹಡಗಿನ ಅಡುಗೆಕೋಣೆ ನೋಡಿ, ಎಲ್ಲವೂ ಕೈಗೆಟುಕುವ ಹಾಗೆ ಜೋಡಿಸಿರ್ತಾರೆ, ಅಡುಗೆಯವನು ಒಂದೆರಡು ಹೆಜ್ಜೆ ಇಟ್ಟರೆ ಸಾಕು. ಮನೆಯಲ್ಲಿ ಮಾತ್ರ ಒಲೆ ಒಂದು ಕಡೆ, ನೀರು ಒಂದು ಕಡೆ, ದಿನಸಿ ಇನ್ನೊಂದು ಕಡೆ. ಹೆಂಗಸಿನ ಅರ್ಧ ಶಕ್ತಿ ಓಡಾಟಕ್ಕೇ ಹೋಗುತ್ತೆ.

ಎರಡನೆಯದು ಕಾರ್ಖಾನೆಯ ಪಾಠ. ಇಂಜಿನಿಯರಿಂಗ್ ಓದಿದವರಿಗೆಲ್ಲ ಫ್ರೆಡರಿಕ್ ಟೇಲರ್ ಹೆಸರು ನೆನಪಿರುತ್ತೆ. ಸ್ಟಾಪ್‌ವಾಚ್ ಹಿಡಿದು ಕಾರ್ಮಿಕನ ಪಕ್ಕ ನಿಂತು, ಯಾವ ಚಲನೆಗೆ ಎಷ್ಟು ಸೆಕೆಂಡ್ ಅಂತ ಬರೆದು, ಬೇಡದ್ದನ್ನು ಕತ್ತರಿಸಿ ಹಾಕುವ ವಿದ್ಯೆ ಅವನದು. ನಾವು ಪರೀಕ್ಷೆಗೆ ಅಂತ ಉರು ಹೊಡೆದಿದ್ದು ಅದನ್ನೇ. ಅಮೆರಿಕದ ಕ್ರಿಸ್ಟೀನ್ ಫ್ರೆಡರಿಕ್ ಆ ಸ್ಟಾಪ್‌ವಾಚನ್ನು ಕಾರ್ಖಾನೆಯಿಂದ ಅಡುಗೆಮನೆಗೆ ತಂದಳು. ಪಾತ್ರೆ ತೊಳೆಯೋಕೆ ಎಷ್ಟು ಹೊತ್ತು, ಕಾಫಿ ಮಾಡೋಕೆ ಎಷ್ಟು ಹೆಜ್ಜೆ, ಎಲ್ಲಕ್ಕೂ ಲೆಕ್ಕ. 1913ರಲ್ಲಿ ಬಂದ ಅವಳ ಪುಸ್ತಕ ಕೆಲವೇ ವರ್ಷಗಳಲ್ಲಿ ಜರ್ಮನ್ ಭಾಷೆಗೂ ಬಂತು. ಲಿಹೋಟ್ಸ್ಕಿ ಅದನ್ನು ಆಸೆಪಟ್ಟು ಓದಿದಳು.

ಮೂರನೆಯದು ರೈಲಿನ ಪಾಠ. ಜರ್ಮನಿಯ ರೈಲುಗಳಲ್ಲಿ ಊಟದ ಬೋಗಿ ಇರುತ್ತಿತ್ತು. ಅದರ ಅಡುಗೆಕೋಣೆ ಕಿಷ್ಕಿಂಧೆ. ಆದರೂ ಇಬ್ಬರೇ ನಿಂತು ಸುಮಾರು 100 ಜನಕ್ಕೆ ಅಡುಗೆ ಮಾಡಿ, ಬಡಿಸಿ, ತಟ್ಟೆ ತೊಳೆದು ಎತ್ತಿಡುತ್ತಿದ್ದರು. ಓಡುವ ರೈಲಿನಲ್ಲಿ! ಲಿಹೋಟ್ಸ್ಕಿಗೆ ಬೇಕಾಗಿದ್ದ ಮಾದರಿ ಸಿಕ್ಕಿತು. ಇಲ್ಲಿ ಒಂದು ಅಂಕಿ ಮಾತ್ರ ನೆನಪಿಟ್ಟುಕೊಳ್ಳಿ. ರೈಲಿನಲ್ಲಿ ಇದ್ದಿದ್ದು ಇಬ್ಬರು. ಈ ವಿಷಯಕ್ಕೆ ಆಮೇಲೆ ಬರ್ತೀನಿ.

ಒಂದೊಂದು ಇಂಚಿಗೂ ಒಂದು ಕೆಲಸ

ಹೀಗೆ ಹುಟ್ಟಿದ್ದು 'ಫ್ರಾಂಕ್‌ಫರ್ಟ್ ಕಿಚನ್'. ಕಿಟಕಿಯ ಕೆಳಗೆ ಕೆಲಸದ ಕಟ್ಟೆ. ತರಕಾರಿ ಹೆಚ್ಚುವಾಗ ಬೆಳಕು ನೇರ ಕೈ ಮೇಲೆ ಬೀಳಬೇಕು ಅಂತ. ಅದರ ಮುಂದೆ ತಿರುಗುವ ಸ್ಟೂಲು. ಹೆಚ್ಚುವ ಕೆಲಸಕ್ಕೆ ನಿಂತೇ ಯಾಕಿರಬೇಕು, ಕೂತು ಮಾಡಿ ಅನ್ನೋದು ಅವಳ ವಾದ. ಕಟ್ಟೆಯಲ್ಲೇ ಒಂದು ಕಸದ ಡ್ರಾಯರ್. ಹೆಚ್ಚಿದ ಸಿಪ್ಪೆಯನ್ನು ಕೈಯಿಂದ ಹಾಗೇ ತಳ್ಳಿದರೆ ಅದರೊಳಗೆ ಬೀಳುತ್ತೆ, ತುಂಬಿದಾಗ ಹೊರಗೆಳೆದು ಖಾಲಿ ಮಾಡಿದರಾಯಿತು. ಗೋಡೆಗೆ ಮಡಚಿಡುವ ಇಸ್ತ್ರಿ ಹಲಗೆ. ಚಾವಣಿಯಲ್ಲಿ ಹಳಿಯ ಮೇಲೆ ಜಾರುವ ದೀಪ. ಎಲ್ಲಿ ಕೆಲಸವೋ ಅಲ್ಲಿಗೆ ಬೆಳಕನ್ನು ಎಳೆದುಕೊಳ್ಳಬಹುದು.

ಇದರಲ್ಲಿ ಎಲ್ಲರ ಕಣ್ಣು ಸೆಳೆಯೋದು ಅಲ್ಯೂಮಿನಿಯಂ ಡಬ್ಬಗಳ ಸಾಲು. ಅಕ್ಕಿ, ಸಕ್ಕರೆ ಅಂತ ಒಂದೊಂದರ ಮೇಲೂ ಹೆಸರು. ಡಬ್ಬಕ್ಕೊಂದು ಹಿಡಿ, ತುದಿಯಲ್ಲಿ ಮೂತಿ. ಎಳೆದು, ಬಗ್ಗಿಸಿ ಸುರಿದರೆ ಮುಗೀತು, ಚಮಚ ಬೇಕಿಲ್ಲ, ಮುಚ್ಚಳ ತೆಗೆಯುವ ಗೊಡವೆ ಇಲ್ಲ. ಹಿಟ್ಟಿಗೆ ಮಾತ್ರ ಓಕ್ ಮರದ ಡ್ರಾಯರ್, ಯಾಕಂದ್ರೆ ಆ ಮರಕ್ಕೆ ಹುಳು ಹತ್ತಲ್ಲ ಅನ್ನೋ ನಂಬಿಕೆ. ಕಪಾಟುಗಳಿಗೆ ನೀಲಿ ಬಣ್ಣ, ಆ ಬಣ್ಣದ ಮೇಲೆ ನೊಣ ಕೂರಲ್ಲ ಅಂತ ಆ ಕಾಲದ ಸಂಶೋಧಕರು ಹೇಳಿದ್ದರು.

ಬಾಗಿಲನ್ನೂ ಗಮನಿಸಿ. ಊಟದ ಕೋಣೆಗೆ ಜಾರುಬಾಗಿಲು. ಒಲೆಯಿಂದ ಊಟದ ಮೇಜಿಗೆ 3 ಮೀಟರ್ ಕೂಡ ದಾಟದ ಹಾಗೆ ಲೆಕ್ಕ ಹಾಕಿದ್ದಳು. ಬಾಗಿಲು ತೆಗೆದಿಟ್ಟರೆ ಆಚೆ ಆಡುವ ಮಗು ತಾಯಿಗೆ ಕಾಣಬೇಕು ಅನ್ನೋ ಉದ್ದೇಶ.

ಇಡೀ ಅಡುಗೆಮನೆ ಕಾರ್ಖಾನೆಯಲ್ಲೇ ತಯಾರಾಗಿ ಬರುತ್ತಿತ್ತು. ಅದರ ಖರ್ಚನ್ನು ಬಾಡಿಗೆಗೇ ಸೇರಿಸಿದರು. ತಿಂಗಳಿಗೆ ಸುಮಾರು ಒಂದು ಮಾರ್ಕ್ ಜಾಸ್ತಿ ಆಯಿತು ಅಂತಾರೆ. ಕೆಲವೇ ವರ್ಷಗಳಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸುಮಾರು 10 ಸಾವಿರ ಮನೆಗಳಿಗೆ ಈ ಅಡುಗೆಮನೆ ಬಂತು. ಇಂದು ನಮ್ಮ ಕಿಚನ್ ಶೋರೂಮುಗಳಲ್ಲಿ ಕಾಣುವ ಒಂದೇ ಎತ್ತರದ ಕಟ್ಟೆ, ಕೆಳಗೆ ಡ್ರಾಯರ್, ಮೇಲೆ ಕಪಾಟು, ಅಳತೆಗೆ ತಕ್ಕಂತೆ ಕಾರ್ಖಾನೆಯಲ್ಲೇ ತಯಾರಾಗಿ ಬರುವ ಪೆಟ್ಟಿಗೆಗಳು, ಇವೆಲ್ಲ ಇದೇ ವಂಶದ ಮೊಮ್ಮಕ್ಕಳು.

ಅಡುಗೆಯೇ ಮಾಡದವಳು

ಈಗ ಒಂದು ತಮಾಷೆ ಕೇಳಿ. ಈ ಅಡುಗೆಮನೆ ಮಾಡಿದ ಲಿಹೋಟ್ಸ್ಕಿಗೆ ಅಡುಗೆ ಬರುತ್ತಿರಲಿಲ್ಲ! ವಯಸ್ಸಾದ ಮೇಲೆ ಆಕೆಯೇ ಅದನ್ನು ಹೇಳಿಕೊಂಡಿದ್ದಾರೆ. ವಿಯೆನ್ನಾದಲ್ಲಿ ಅಮ್ಮ ಅಡುಗೆ ಮಾಡುತ್ತಿದ್ದರು, ಫ್ರಾಂಕ್‌ಫರ್ಟಿನಲ್ಲಿ ಹೋಟೆಲ್ ಊಟ.

ಇದನ್ನು ಕೇಳಿ ನಗೋದು ಸುಲಭ. ಆದರೆ ಸ್ವಲ್ಪ ತಡೆದು ಯೋಚಿಸಿ. ಆಕೆಗೆ ಬೇಕಿದ್ದಿದ್ದು ಅಡುಗೆಯ ಸಂಭ್ರಮ ಅಲ್ಲ, ಸಮಯ. ದುಡಿಯುವ ಹೆಂಗಸು ಕಾರ್ಖಾನೆಯಿಂದ ಬಂದು ಮತ್ತೆ ಮನೆಯಲ್ಲಿ ಇನ್ನೊಂದು ಪಾಳಿ ಮಾಡ್ತಾಳೆ. ಆ ಎರಡನೇ ಪಾಳಿ ಬೇಗ ಮುಗಿಯಲಿ, ಉಳಿದ ಹೊತ್ತಲ್ಲಿ ಅವಳು ಓದಲಿ, ಮಕ್ಕಳ ಜೊತೆ ಇರಲಿ, ಸುಮ್ಮನೆ ಕೂರಲಿ. ಹೆಜ್ಜೆ ಎಣಿಸಿದ್ದು ಅದಕ್ಕೆ, ಇಂಚು ಉಳಿಸಿದ್ದು ಅದಕ್ಕೆ.

ಆದರೆ ಜನ ಆ ಮನೆಗಳಿಗೆ ಬಂದು ಸೇರಿದ ಮೇಲೆ ಬೇರೆಯೇ ಕಥೆ ಶುರುವಾಯಿತು.

ಡಬ್ಬದ ಮೇಲೆ ಬರೆದ ಹೆಸರಿಗೂ ಒಳಗಿರುವ ಸಾಮಾನಿಗೂ ಸಂಬಂಧವೇ ಇಲ್ಲದ ಹಾಗೆ ಜನ ಬಳಸಿದರು. ಅಕ್ಕಿ ಅಂತ ಬರೆದಿದೆ ಅಂತ ಅಕ್ಕಿಯನ್ನೇ ಹಾಕಬೇಕಾ? ಡಬ್ಬಗಳ ಸಾಲು ಮಕ್ಕಳ ಕೈಗೂ ಚೆನ್ನಾಗಿ ಎಟುಕುತ್ತಿತ್ತು. ಮುಂದೇನಾಗಿರುತ್ತೆ ಅಂತ ಮಕ್ಕಳಿರುವ ಮನೆಯವರಿಗೆ ನಾನು ಹೇಳಬೇಕಿಲ್ಲ. ಇದೆಲ್ಲ ಸಣ್ಣಪುಟ್ಟ ತೊಂದರೆ. ದೊಡ್ಡ ತೊಂದರೆ ಒಂದೇ. ಆ ಅಡುಗೆಮನೆಯಲ್ಲಿ ಇಬ್ಬರು ನಿಲ್ಲೋಕೆ ಆಗ್ತಿರಲಿಲ್ಲ.

ಪ್ರತಿಯೊಂದು ಅಳತೆಯೂ ಒಬ್ಬಳ ದೇಹಕ್ಕೆ, ಒಬ್ಬಳ ಕೈಗೆ, ಒಬ್ಬಳ ಹೆಜ್ಜೆಗೆ. ಹಳೆಯ ಕೋಣೆಯಲ್ಲಿ ಹೊಗೆ ಇತ್ತು, ಗಲೀಜು ಇತ್ತು, ನಿಜ. ಆದರೆ ಅಲ್ಲಿ ಅಜ್ಜಿ ಆಲೂಗಡ್ಡೆ ಸುಲಿಯುತ್ತಾ ಕೂರುತ್ತಿದ್ದಳು, ಮಗ ಬೆಂಚಿನ ಮೇಲೆ ಪಾಠ ಓದುತ್ತಿದ್ದ, ಗಂಡ ಕೈಗೊಂದು ಲೋಟ ಕೊಡೋ ದೂರದಲ್ಲಾದರೂ ಇರುತ್ತಿದ್ದ. ಹೊಸ ಅಡುಗೆಮನೆ ಸ್ವಚ್ಛ, ಚುರುಕು, ಸುಂದರ. ಅದರೊಳಗೆ ಅವಳು ಒಬ್ಬಂಟಿ. ಜಾರುಬಾಗಿಲ ಆಚೆ ಇಡೀ ಸಂಸಾರ. 1970, 80ರ ದಶಕಗಳಲ್ಲಿ ಸ್ತ್ರೀವಾದಿಗಳು ಈ ವಿನ್ಯಾಸವನ್ನು ಕಟುವಾಗಿ ಟೀಕಿಸಿದ್ದು ಇದಕ್ಕೇ. ಹೆಂಗಸನ್ನು ಬಿಡುಗಡೆ ಮಾಡಲು ಹೊರಟವರು ಅವಳಿಗೆ ಅಳತೆ ತೆಗೆದು ಒಂದು ಗೂಡು ಕಟ್ಟಿಕೊಟ್ಟರು ಅಂತ.

ಹಾಗಾದರೆ ತಪ್ಪು ಲಿಹೋಟ್ಸ್ಕಿಯದಾ? ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಫ್ರಾಂಕ್‌ಫರ್ಟ್ ಕಿಚನ್ ಅಂದರೆ ಒಂದೇ ನಮೂನೆ ಅಲ್ಲ, ಮೂರು ನಮೂನೆಗಳಿದ್ದವು. ನಾವು ಇಷ್ಟು ಹೊತ್ತು ಮಾತಾಡಿದ್ದು ಮೊದಲನೆಯದರ ಬಗ್ಗೆ. ಎರಡನೆಯದು, ಮೂರನೆಯದು ಸ್ವಲ್ಪ ದೊಡ್ಡವು. ಅವುಗಳಲ್ಲಿ ಮೇಜು ಹಾಕಬಹುದಿತ್ತು, ಇನ್ನೊಬ್ಬರೋ ಇಬ್ಬರೋ ಬಂದು ಕೈಜೋಡಿಸಲು ಜಾಗ ಇತ್ತು. ಆದರೆ ಹೆಚ್ಚು ಕಟ್ಟಿದ್ದು ಯಾವುದನ್ನು? ಎಲ್ಲಕ್ಕಿಂತ ಅಗ್ಗದ್ದನ್ನು. ಒಬ್ಬರಿಗೆ ಮಾತ್ರ ಜಾಗ ಇದ್ದದ್ದನ್ನು. ಜಗತ್ತು ನೆನಪಿಟ್ಟುಕೊಂಡಿದ್ದೂ, ಎಲ್ಲ ದೇಶಗಳು ನಕಲು ಮಾಡಿದ್ದೂ ಅದನ್ನೇ. ಇಬ್ಬರು ನಿಲ್ಲುವ ಅಡುಗೆಮನೆಯ ನಕ್ಷೆ ಅವತ್ತೇ ಇತ್ತು. ದುಡ್ಡಿನ ಲೆಕ್ಕದಲ್ಲಿ ಅದು ಸೋತಿತು.

ಅಡುಗೆಮನೆಯಿಂದ ಜೈಲಿಗೆ

ಆ ಹೆಣ್ಣುಮಗಳು ಆಮೇಲೆ ಏನಾದಳು? 1927ರಲ್ಲಿ ಸಹೋದ್ಯೋಗಿ ವಿಲ್‌ಹೆಲ್ಮ್ ಶುಟೆಯನ್ನು ಮದುವೆಯಾಗಿ ಮಾರ್ಗರೆಟೆ ಶುಟೆ-ಲಿಹೋಟ್ಸ್ಕಿ ಆದಳು. 1930ರಲ್ಲಿ ಎರ್ನ್ಸ್ಟ್ ಮೇ ತಂಡದ ಜೊತೆ ಸೋವಿಯತ್ ಒಕ್ಕೂಟಕ್ಕೆ ಹೋಗಿ ಹೊಸ ಕೈಗಾರಿಕಾ ನಗರಗಳಿಗೆ ಶಿಶುವಿಹಾರಗಳನ್ನು ವಿನ್ಯಾಸ ಮಾಡಿದಳು. 1938ರಲ್ಲಿ ಇಸ್ತಾಂಬುಲ್ ಸೇರಿದಳು. ಅಷ್ಟರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿಯಾಗಿತ್ತು.

ಇಸ್ತಾಂಬುಲ್‌ನಲ್ಲಿ ಸುರಕ್ಷಿತವಾಗಿ ಇದ್ದುಬಿಡಬಹುದಿತ್ತು. ಇರಲಿಲ್ಲ. ನಾಜಿಗಳ ವಿರುದ್ಧದ ಭೂಗತ ಹೋರಾಟಕ್ಕೆ ಸೇರಿ 1940ರ ಡಿಸೆಂಬರ್‌ನಲ್ಲಿ ಗುಟ್ಟಾಗಿ ವಿಯೆನ್ನಾಕ್ಕೆ ಬಂದಳು. ಒಂದು ತಿಂಗಳು ತುಂಬುವ ಮೊದಲೇ, 1941ರ ಜನವರಿಯಲ್ಲಿ, ಗೆಸ್ಟಾಪೋ ಹಿಡಿಯಿತು. ಅದೇ ಹೋರಾಟದಲ್ಲಿದ್ದ ವಾಸ್ತುಶಿಲ್ಪಿ ಹರ್ಬರ್ಟ್ ಐಖೋಲ್ಜರ್‌ಗೆ 1943ರಲ್ಲಿ ಮರಣದಂಡನೆ ಆಯಿತು. ಈಕೆಗೂ ಅದೇ ಗತಿ ಅನ್ನುವ ಸ್ಥಿತಿ ಇತ್ತು. ಕೊನೆಗೆ ಸಿಕ್ಕಿದ್ದು 15 ವರ್ಷ ಜೈಲು. 1945ರ ಏಪ್ರಿಲ್ ಕೊನೆಯಲ್ಲಿ ಅಮೆರಿಕದ ಸೇನೆ ಬಂದು ಬವೇರಿಯಾದ ಐಖಾಖ್ ಜೈಲಿನ ಬಾಗಿಲು ತೆರೆಯಿತು. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಆಕೆ ಬದುಕಿದ ಜೈಲುಕೋಣೆಗಳಿಗೆ ಜಾರುಬಾಗಿಲು ಇರಲಿಲ್ಲ.

ಯುದ್ಧ ಮುಗಿದು ಊರಿಗೆ ಬಂದರೆ ಅಲ್ಲಿ ಇನ್ನೊಂದು ಶಿಕ್ಷೆ. ಕಮ್ಯುನಿಸ್ಟ್ ಅನ್ನೋ ಕಾರಣಕ್ಕೆ ಸ್ವಂತ ದೇಶದ ಸರ್ಕಾರಿ ಕೆಲಸಗಳು ಬೆರಳೆಣಿಕೆಯಷ್ಟು ಮಾತ್ರ ಸಿಕ್ಕವು. 1988ರಲ್ಲಿ ಆಸ್ಟ್ರಿಯಾ ದೊಡ್ಡ ಗೌರವ ಕೊಡಲು ಮುಂದಾದಾಗ ಆಕೆ ನಿರಾಕರಿಸಿದರು. ಕೊಡಬೇಕಿದ್ದವರು ಅಧ್ಯಕ್ಷ ಕುರ್ಟ್ ವಾಲ್ಡ್‌ಹೈಮ್. ಯುದ್ಧಕಾಲದ ಅವರ ಸೇನಾ ಚರಿತ್ರೆ ಆಗ ದೊಡ್ಡ ವಿವಾದವಾಗಿತ್ತು. ಅವರು ಅಧಿಕಾರ ಬಿಟ್ಟ ಮೇಲಷ್ಟೇ ಗೌರವ ಸ್ವೀಕರಿಸಿದರು. 2000ನೇ ಇಸವಿಯ ಜನವರಿ 18ರಂದು, 103ನೇ ಹುಟ್ಟುಹಬ್ಬಕ್ಕೆ ಐದು ದಿನ ಬಾಕಿ ಇರುವಾಗ ತೀರಿಕೊಂಡರು. ಇಷ್ಟೆಲ್ಲ ಬದುಕಿದವರನ್ನು ಜಗತ್ತು ನೆನಪಿಟ್ಟುಕೊಂಡಿದ್ದು ಒಂದು ಅಡುಗೆಮನೆಯಿಂದ. ಅದರ ಬಗ್ಗೆ ಆಕೆಗೆ ಬೇಸರವೂ ಇತ್ತು.

ಅಷ್ಟೇ ಜಾಗ, ಆರು ಜನ

ಫ್ರಾಂಕ್‌ಫರ್ಟಿನಷ್ಟೇ ಚಿಕ್ಕದಾದ, ಆದರೆ ತದ್ವಿರುದ್ಧ ಬದುಕು ಕಂಡ ಇನ್ನೊಂದು ಅಡುಗೆಮನೆ ಇದೆ. ಅದು ಲಿಹೋಟ್ಸ್ಕಿ ಕೆಲಸ ಮಾಡಿ ಬಂದಿದ್ದ ಸೋವಿಯತ್ ದೇಶದ್ದೇ, ಕಾಲ ಮಾತ್ರ ಎರಡು ದಶಕ ಆಮೇಲಿನದು. ಅಲ್ಲಿ ಬಹಳ ವರ್ಷ ನಾಲ್ಕಾರು ಕುಟುಂಬಗಳಿಗೆ ಸೇರಿ ಒಂದೇ ಅಡುಗೆಮನೆ. ಯಾರ ಒಲೆ ಯಾವುದು, ಯಾರ ಪಾತ್ರೆ ಯಾರು ಮುಟ್ಟಿದರು ಅಂತ ಜಗಳ. ಅದಕ್ಕಿಂತ ದೊಡ್ಡ ಭಯ, ಪಕ್ಕದವರು ಕೇಳಿಸಿಕೊಂಡು ಹೋಗಿ ಹೇಳಿದರೆ?

1957ರ ನಂತರ ಕ್ರುಶ್ಚೇವ್ ಕಾಲದಲ್ಲಿ ಐದಂತಸ್ತಿನ ಸಾವಿರಾರು ಕಟ್ಟಡಗಳು ಎದ್ದವು. ಪುಟ್ಟ ಫ್ಲಾಟುಗಳು. ಅಡುಗೆಮನೆ 6 ಚದರ ಮೀಟರ್ ಆಸುಪಾಸು, ಅಂದರೆ ಹೆಚ್ಚುಕಮ್ಮಿ ಫ್ರಾಂಕ್‌ಫರ್ಟಿನಷ್ಟೇ. ಆದರೆ ಮೊದಲ ಸಲ ಒಂದು ಕುಟುಂಬಕ್ಕೆ ಒಂದು ಬಾಗಿಲು, ಒಂದು ಅಡುಗೆಮನೆ. ಆ ಇಕ್ಕಟ್ಟಿನಲ್ಲೇ ಒಂದು ಮೇಜು ತುರುಕಿ, ಅದರ ಸುತ್ತ ಐದಾರು ಜನ ಮೊಣಕೈಗೆ ಮೊಣಕೈ ತಾಗಿಸಿ ಕೂತರು. ಟೀ ಕುಡಿದರು. ಕದ್ದು ಕೇಳುವ ಯಂತ್ರ ಇದ್ದರೂ ಇರಲಿ ಅಂತ ರೇಡಿಯೋ ಜೋರು ಮಾಡಿ, ನಲ್ಲಿ ತಿರುಗಿಸಿಟ್ಟು, ಸರ್ಕಾರದ ಬಗ್ಗೆ ಹೊರಗೆ ಆಡಲಾಗದ ಮಾತು ಆಡಿದರು. ನಿಷೇಧಿತ ಬರಹಗಳ ಕೈಪ್ರತಿ ಹಂಚಿಕೊಂಡರು, ಗಿಟಾರ್ ಹಿಡಿದು ಹಾಡಿದರು. ಒಂದು ಪೀಳಿಗೆಯ ಸ್ವತಂತ್ರ ಯೋಚನೆ ಬೆಳೆದಿದ್ದು 6 ಚದರ ಮೀಟರ್ ಅಡುಗೆಮನೆಗಳಲ್ಲಿ.

ಎರಡೂ ಕಡೆ ಚದರಡಿ ಒಂದೇ. ಒಂದರಲ್ಲಿ ಒಬ್ಬಳು, ಇನ್ನೊಂದರಲ್ಲಿ ಆರು ಜನ. ಜಾಗ ಎಷ್ಟಿದೆ ಅನ್ನೋದನ್ನು ಟೇಪ್ ಹೇಳುತ್ತೆ. ಆ ಜಾಗ ಯಾರದ್ದು ಅನ್ನೋದನ್ನು ಆ ಮನೆಯವರೇ ತೀರ್ಮಾನಿಸ್ತಾರೆ.

ನೆಲುವು, ಅಡಕಲು ಮತ್ತು ನಮ್ಮ ಕಟ್ಟೆ

ಈಗ ನಮ್ಮ ಮನೆಗೆ ಬನ್ನಿ. ಜಾಗ ಉಳಿಸುವ ವಿದ್ಯೆ ನಮಗೇನು ಜರ್ಮನಿಯಿಂದ ಬರಬೇಕಾಗಿರಲಿಲ್ಲ. ಗಡಿಗೆಯ ಮೇಲೆ ಗಡಿಗೆ, ಅದರ ಮೇಲೆ ಇನ್ನೂ ಚಿಕ್ಕ ಗಡಿಗೆ ಪೇರಿಸಿದ ಅಡಕಲು ನಮ್ಮ ಅಜ್ಜಿಯರ ಕಪಾಟು. ತೊಲೆಯಿಂದ ಇಳಿಬಿಟ್ಟ ನೆಲುವಿನಲ್ಲಿ ಹಾಲು, ಬೆಣ್ಣೆ. ಬೆಕ್ಕಿಗೆ ಎಟುಕಲ್ಲ, ನೆಲದ ಮೇಲೆ ಒಂದಿಂಚೂ ಜಾಗ ತಿನ್ನಲ್ಲ. ಗೋಡೆಯೊಳಗೇ ಕೊರೆದ ಗೂಡು, ತಲೆಯ ಮೇಲೆ ನಾಗಂದಿಗೆ, ಅದರ ಮೇಲೆ ಅಟ್ಟ. ಉತ್ತರ ಕರ್ನಾಟಕದಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲೇ ಹೂತಿಡುತ್ತಿದ್ದರು. ನೆಲದಡಿಯಿಂದ ತೊಲೆಯವರೆಗೆ ಬಿಡದೆ ಬಳಸಿದವರು ನಾವು.

ಆ ಅಡುಗೆಮನೆಯಲ್ಲಿ ಹೊಗೆ ಇತ್ತು, ಬಗ್ಗಿ ಊದುವ ಕಷ್ಟ ಇತ್ತು. ಅದನ್ನು ಹಾಡಿಹೊಗಳುವ ಅಗತ್ಯ ಇಲ್ಲ. ಆದರೆ ಕೆಲಸ ನಡೆಯುತ್ತಿದ್ದಿದ್ದು ನೆಲದ ಮೇಲೆ. ಒಬ್ಬರು ಒಲೆಯ ಮುಂದೆ ಮಣೆ ಹಾಕಿ ಕೂತರೆ, ಇನ್ನೊಬ್ಬರು ಈಳಿಗೆಮಣೆ ಮುಂದೆ, ಮತ್ತೊಬ್ಬರು ಒರಳಿನ ಮುಂದೆ. ನೆಲಕ್ಕೆ ಒಬ್ಬರು, ಇಬ್ಬರು ಅನ್ನೋ ಲೆಕ್ಕ ಇಲ್ಲ. ಗ್ಯಾಸ್ ಬಂತು, ಕಟ್ಟೆ ಬಂತು, ನಾವು ಎದ್ದು ನಿಂತೆವು. ಬೆನ್ನಿಗೆ ಒಳ್ಳೆಯದಾಯಿತು, ಹೊಗೆ ಹೋಯಿತು. ಜೊತೆಗೆ ಒಂದು ಬದಲಾವಣೆ ಸದ್ದಿಲ್ಲದೆ ಆಯಿತು. ಕಟ್ಟೆಯ ಮುಂದೆ ನಿಲ್ಲುವ ಜಾಗ ಒಬ್ಬರದ್ದಾಯಿತು.

ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಏನು ಹೇಳುತ್ತೆ ನೋಡಿ. ಊಟದ ಜಾಗ ಬೇರೆ ಇದ್ದರೆ ಅಡುಗೆಮನೆ ಕನಿಷ್ಠ 5 ಚದರ ಮೀಟರ್, ಅಗಲ ಕನಿಷ್ಠ 1.8 ಮೀಟರ್. ಅಂದರೆ 54 ಚದರಡಿ, 5 ಅಡಿ 11 ಇಂಚು ಅಗಲ. ಫ್ರಾಂಕ್‌ಫರ್ಟಿಗಿಂತ 4 ಇಂಚು ಕಮ್ಮಿ. ನೂರು ವರ್ಷದ ಹಿಂದೆ ಯುದ್ಧದಲ್ಲಿ ಸೋತು ಬರಿಗೈಯಾಗಿದ್ದ ದೇಶ ಕಾರ್ಮಿಕರಿಗೆ ಕೊಟ್ಟ ಅಡುಗೆಮನೆ ಇದಕ್ಕಿಂತ ದೊಡ್ಡದು. ಕನಿಷ್ಠ ಅಂತ ಬರೆದಿದ್ದನ್ನು ನಮ್ಮಲ್ಲಿ ಎಷ್ಟೋ ಕಡೆ ಗರಿಷ್ಠ ಅಂತ ಓದಿಕೊಂಡು ಕಟ್ಟುತ್ತಾರೆ ಅನ್ನೋದನ್ನು ಬಾಡಿಗೆ ಮನೆ ಹುಡುಕಿದವರೆಲ್ಲ ಬಲ್ಲರು.

ಈಗ ಇನ್ನೊಂದು ಅಂಕಿ. 2019ರಲ್ಲಿ ಕೇಂದ್ರ ಸರ್ಕಾರ ಜನ ದಿನದ ಹೊತ್ತನ್ನು ಹೇಗೆ ಕಳೀತಾರೆ ಅಂತ ದೇಶಾದ್ಯಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಶೇ. 81.2. ಗಂಡಸರು ಶೇ. 26.1. ಹೀಗೆ ತೊಡಗುವವರಲ್ಲೂ ಹೆಂಗಸರು ದಿನಕ್ಕೆ ಕಳೆಯುವ ಹೊತ್ತು 299 ನಿಮಿಷ, ಗಂಡಸರು 97 ನಿಮಿಷ. 299 ನಿಮಿಷ ಅಂದರೆ ಐದು ಗಂಟೆಗೆ ಒಂದು ನಿಮಿಷ ಕಮ್ಮಿ. ಎಲ್ಲವೂ ಅಡುಗೆಮನೆಯದಲ್ಲ, ಆದರೆ ದೊಡ್ಡ ಪಾಲು ಅಲ್ಲಿಯದೇ ಅಂತ ಹೇಳೋಕೆ ಸಮೀಕ್ಷೆ ಬೇಕಿಲ್ಲ.

ಹಾಗಾದರೆ ಏನು ಮಾಡೋಣ?

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಗೋಡೆ ಒಡೆದು ದೊಡ್ಡದು ಮಾಡೋ ಶಕ್ತಿ ಎಲ್ಲರಿಗೂ ಇಲ್ಲ. ಇದ್ದಷ್ಟರಲ್ಲೇ ಒಂದು ಲೆಕ್ಕ ಹಾಕೋಣ. ಆರಡಿ ಅಗಲದ ಅಡುಗೆಮನೆ ಅಂದುಕೊಳ್ಳಿ. ಎರಡೂ ಬದಿಗೆ ಎರಡೆರಡು ಅಡಿಯ ಕಟ್ಟೆ ಹಾಕಿಸಿದರೆ ನಡುವೆ ಉಳಿಯೋದು ಎರಡು ಅಡಿ. ಶೋರೂಮಿನ ಫೋಟೋದಲ್ಲಿ ಬಹಳ ಚಂದ. ಆದರೆ ಅಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ದಾಟೋಕೂ ಆಗಲ್ಲ. ಅದೇ ಒಂದು ಬದಿಗೆ ಮಾತ್ರ ಎರಡು ಅಡಿ ಕಟ್ಟೆ ಇಟ್ಟು, ಎದುರು ಗೋಡೆಗೆ ಒಂದೇ ಅಡಿ ಆಳದ ಕಪಾಟನ್ನು ನೆಲದಿಂದ ಸೂರಿನವರೆಗೆ ಏರಿಸಿ. ನಡುವೆ ಮೂರು ಅಡಿ ಉಳಿಯುತ್ತೆ. ಇಬ್ಬರು ಬೆನ್ನಿಗೆ ಬೆನ್ನು ಮಾಡಿ ನಿಲ್ಲಬಹುದು. ಒಂದಡಿಯ ಕಪಾಟಿನಲ್ಲಿ ಡಬ್ಬದ ಹಿಂದೆ ಡಬ್ಬ ಅವಿತುಕೊಳ್ಳಲ್ಲ. ಎಲ್ಲಿ ಏನಿದೆ ಅಂತ ಮನೆಯವರಿಗೆಲ್ಲ ಕಾಣುತ್ತೆ. "ಸಾಸಿವೆ ಎಲ್ಲಿದೆ?" ಅಂತ ಕೇಳಿ ತಪ್ಪಿಸಿಕೊಳ್ಳೋರಿಗೆ ಆ ನೆಪವೂ ಉಳಿಯಲ್ಲ.

ದಿನಾ ಬೇಕಾಗುವ ಸಾಮಾನು ಸೊಂಟದಿಂದ ಭುಜದ ಎತ್ತರದೊಳಗೆ ಇರಲಿ. ಹಬ್ಬಕ್ಕೆ ಮಾತ್ರ ಇಳಿಸುವ ಹಂಡೆ, ಪರಾತ ಅಟ್ಟಕ್ಕೆ ಹೋಗಲಿ. ಕಟ್ಟೆಯ ಎತ್ತರವನ್ನು ಬಡಗಿಯೋ ಗಾರೆಯವನೋ ತೀರ್ಮಾನ ಮಾಡೋದು ಬೇಡ, ಹೆಚ್ಚು ಹೊತ್ತು ನಿಲ್ಲುವವರ ಮೊಣಕೈ ಮಾಡಲಿ. ಲಿಹೋಟ್ಸ್ಕಿಯ ಸ್ಟೂಲು ಮರೀಬೇಡಿ. ಬೀನ್ಸ್ ಹೆಚ್ಚೋಕೆ ಯಾರೂ ನಿಂತಿರಬೇಕಾಗಿಲ್ಲ. ಅದೇ ಸ್ಟೂಲಿನ ಮೇಲೆ ಸಂಜೆ ಮಗು ಹೋಂವರ್ಕ್ ಹಿಡಿದು ಕೂರಬಹುದು, ಮಾವನವರು ಬೆಳ್ಳುಳ್ಳಿ ಬಿಡಿಸಬಹುದು.

ಫ್ರಾಂಕ್‌ಫರ್ಟಿನ ಆ 10 ಸಾವಿರ ಅಡುಗೆಮನೆಗಳಲ್ಲಿ ಬಹುಪಾಲನ್ನು ಮುಂದಿನ ದಶಕಗಳಲ್ಲಿ ಜನ ಕಿತ್ತು ಎಸೆದರು. ಉಳಿದ ಕೆಲವು ಈಗ ಮ್ಯೂಸಿಯಂ ವಸ್ತುಗಳು. ನ್ಯೂಯಾರ್ಕಿನಲ್ಲಿ ಒಂದಿದೆ, ಲಂಡನ್‌ನಲ್ಲಿ ಒಂದಿದೆ, ಫ್ರಾಂಕ್‌ಫರ್ಟಿನಲ್ಲೇ ಎರ್ನ್ಸ್ಟ್ ಮೇ ಹೆಸರಿನ ಮನೆಯಲ್ಲಿ ಒಂದಿದೆ. ಜನ ಸಾಲುಗಟ್ಟಿ ಹೋಗಿ ಆ ನೀಲಿ ಕಪಾಟು, ಆ ಅಲ್ಯೂಮಿನಿಯಂ ಡಬ್ಬ ನೋಡಿ ಬೆರಗಾಗ್ತಾರೆ. ಬೆರಗಾಗಬೇಕಾದದ್ದೇ. ಆದರೆ ಅದರಿಂದ ನಾವು ಕಲಿಯಬೇಕಾದ ಪಾಠ ಡಬ್ಬದ್ದಲ್ಲ. ರೈಲಿನಲ್ಲಿ ಇಬ್ಬರು ಮಾಡುತ್ತಿದ್ದ ಕೆಲಸವನ್ನು ಮನೆಯಲ್ಲಿ ಒಬ್ಬಳಿಗೆ ಕೊಟ್ಟರು. ಎಣಿಕೆ ತಪ್ಪಿದ್ದು ಅಲ್ಲಿ.

ಮುಂದಿನ ಸಲ ಮನೆ ಕಟ್ಟಿಸುವಾಗ, ಕಿಚನ್ ಮಾಡಿಸುವಾಗ, ಅಥವಾ ಬಾಡಿಗೆ ಮನೆ ನೋಡಲು ಹೋದಾಗ, ಎಷ್ಟು ಡ್ರಾಯರ್ ಬರುತ್ತೆ ಅಂತ ಕೇಳೋದಕ್ಕೆ ಮೊದಲು ಗಂಡ ಹೆಂಡತಿ ಇಬ್ಬರೂ ಒಳಗೆ ಹೋಗಿ ನಿಂತು ನೋಡಿ. ಒಬ್ಬರು ಸ್ಟೌ ಮುಂದೆ, ಇನ್ನೊಬ್ಬರು ಸಿಂಕ್ ಮುಂದೆ. ಇಬ್ಬರಿಗೂ ಜಾಗ ಇದೆ ಅನ್ನಿಸಿದರೆ ಅಡ್ವಾನ್ಸ್ ಕೊಡಿ. ಜಾಗ ಇದ್ದೂ ಇಬ್ಬರಲ್ಲಿ ಒಬ್ಬರು ಮಾತ್ರ ನಿಲ್ಲುವ ಮನೆಗೆ ಯಾವ ಮಾಡ್ಯುಲರ್ ಕಿಚನ್ ಹಾಕಿಸಿದರೂ ಅದು ಚಿಕ್ಕದೇ.